ಪೂಜೆಗೆ ಮುಂಚಿನ ಉಪವಾಸ

ಕೆಂಡದ ಮೇಲೆ ಬಾಡಿಸಿದ ಬಾಳೆಲೆಯ ವಾಸನೆ ಬಂದರೆ ಬೀಫಾತಿಮ್ಮನಿಗೆ ಬೆಂಗ್ರೆಯ ಅಜ್ಜಿಮನೆ ನೆನಪಾಗುತ್ತಿತ್ತು. ದೋಣಿಗೆ ಹೊರಟವರಿಗೆ ಅಜ್ಜಿ ಅಂಥ ಎಲೆಯಲ್ಲೇ ಅನ್ನ ಕಟ್ಟಿಕೊಡುತ್ತಿದ್ದಳು. ಅಂದು ಕುಲಶೇಖರದ ಚಕ್ರಪಾಣಿ ಭಟ್ಟರ ಜಗಲಿಗೂ ಒಳಗಿನಿಂದ ಅದೇ ವಾಸನೆ ಬರುತ್ತಿತ್ತು. ಆದರೆ ಅವಳಿಗೆ ಹಸಿವಿರಲಿಲ್ಲ. ಸಂಜೆಯೊಳಗೆ ಭಟ್ಟರು ಅವಳ ಮೊಮ್ಮಗ ಹಾಶಿಂನ ಮೇಲೆ ಪೊಲೀಸರಿಗೆ ದೂರು ಕೊಡುವವರಿದ್ದರು.

ಭಟ್ಟರ ಮಗ ರಘುವೀರ ಹಿಂದಿನ ದಿನ ಬೆಳಗ್ಗೆ ಪೂಜೆಯ ನಡುವೆಯೇ ಕಿರುಚಿ ಬೀದಿಗೆ ಓಡಿದ್ದ. ಗೋಡೆ ಉಸಿರಾಡುತ್ತಿದೆ, ದೀಪ ತನ್ನನ್ನು ಕರೆಯುತ್ತಿದೆ ಎಂದನಂತೆ. ಆಸ್ಪತ್ರೆಯ ಪರೀಕ್ಷೆಯಲ್ಲಿ ಎಲ್‌ಎಸ್‌ಡಿ ಎಂಬ, ಇಲ್ಲದ್ದನ್ನು ಕಾಣಿಸುವ ಮಾದಕವಸ್ತು ಕಂಡುಬಂತು. ಅದಕ್ಕೂ ಮುಂಚಿನ ಸಂಜೆ ಅವನು ಗೆಳೆಯ ಹಾಶಿಂನ ಅಂಗಡಿಯಲ್ಲಿ ಶರಬತ್ತು ಕುಡಿದಿದ್ದ.

ಬೀಫಾತಿಮ್ಮ ನೆರೆಯ ಸತ್ಯಭಾಮಾ ಟೀಚರನ್ನು ಕರೆತಂದಿದ್ದಳು. ಕೆಮಿಸ್ಟ್ರಿ ಕಲಿಸಿ ನಿವೃತ್ತರಾದ ಮೇಲೆ ಊರಿನ ಎಷ್ಟೋ ಗಂಟುಗಳನ್ನು ಬಿಡಿಸಿದವರು ಅವರು. ಪ್ರತಿ ಸಲವೂ ಜೊತೆಗಿದ್ದವಳು ಬೀಫಾತಿಮ್ಮ. ಬೆಳಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು. ಯಾರು ಊಟ ಕೊಟ್ಟರೂ ರಘುವೀರ ತಿನ್ನುತ್ತಿರಲಿಲ್ಲ.

"ಪೂಜೆಗೆ ಮೊದಲು ಎಂತ ತಿಂದೆ?" ಎಂದು ಟೀಚರ್ ಕೇಳಿದ್ದರು.

"ಎಂತದೂ ಇಲ್ಲ, ಮಡಿಯಲ್ಲಿದ್ದೆ. ಟೀಚರ್, ನನಗೂ ದೊಡ್ಡಪ್ಪನ ಹಾಗೆ ಹುಚ್ಚು ಹಿಡೀತಾ? ಹಾಶಿಂ ಯಾಕೆ ಬರ್ಲಿಲ್ಲ?"

ಅವನ ಪಾದ ತಣ್ಣಗಿತ್ತು. ಬೀಫಾತಿಮ್ಮ ಹೊದಿಕೆ ಕೇಳಲು ಹೊರಗೆ ಹೋಗಿದ್ದಳು.

ಈಗ ಜಗಲಿಯಲ್ಲಿ ಭಟ್ಟರು, ಮಗಳು ಸ್ಮೃತಿ, ಅಳಿಯ ಕೃಷ್ಣಕಿಶೋರ್ ಕೂತಿದ್ದರು. ಹಾಶಿಂ ಅಂಗಳದಲ್ಲೇ ನಿಂತಿದ್ದ.

"ಶರಬತ್ತಿಗೇ ಹಾಕಿದ್ದು, ಇನ್ನೆಂತ ಬೇಕು?" ಎಂದ ಕೃಷ್ಣಕಿಶೋರ್. "ರಘುವಿನ ಡಿಪ್ರೆಶನ್ ಮಾತ್ರೆ ದಿನಾ ನಾನೇ ಕೈಯಾರೆ ಕೊಡ್ತೇನೆ. ಇವನೊಬ್ಬ ಸಾಕು ಹಾಳು ಮಾಡ್ಲಿಕ್ಕೆ!"

"ಅದೇ ಜಗ್ಗಿನಿಂದ ನಾನೂ ಕುಡಿದಿದ್ದೇನೆ ಮಾರಾಯ್ರೆ," ಎಂದ ಹಾಶಿಂ. "ನಿಮ್ಮ ಗೋಡೆ ನನಗೆ ನೆಟ್ಟಗೇ ಕಾಣ್ತಾ ಉಂಟು."

ಟೀಚರ್ ಕೈ ಎತ್ತಿದರು. "ಸಂಜೆ ಕುಡಿದದ್ದು ಬೆಳಗ್ಗೆಯವರೆಗೆ ಕಾಯುವುದಿಲ್ಲ. ಗಂಟೆಯೊಳಗೆ ಏರ್ತದೆ. ರಾತ್ರಿ ಅವ ನಿದ್ದೆ ಮಾಡಿದ್ದಾನಾ ಸ್ಮೃತಿ?"

"ಚೆನ್ನಾಗಿ ಮಾಡಿದ್ದಾನೆ ಟೀಚರ್."

"ಹಾಗಾದ್ರೆ ಪೂಜೆಗೆ ಸ್ವಲ್ಪ ಮೊದಲು ಒಳಗೆ ಹೋದದ್ದು."

"ಸಾಧ್ಯವೇ ಇಲ್ಲ," ಎಂದರು ಭಟ್ಟರು. "ಮಡಿಯುಟ್ಟ ಮೇಲೆ ಅವ ನೀರೂ ಕುಡಿಯುವುದಿಲ್ಲ."

"ಮದ್ದು?"

ಭಟ್ಟರ ದನಿ ಇಳಿಯಿತು. "ಮದ್ದಿಗೆ ಅಡ್ಡಿ ಇಲ್ಲ."

"ಅದೇ ಭಟ್ರೇ. ಎಂತ ತಿಂದೆ ಅಂತ ಎಲ್ಲರೂ ಕೇಳಿದ್ರು. ಎಂತದೂ ಇಲ್ಲ ಅಂದ. ಅವ ಸುಳ್ಳು ಹೇಳಿದ್ದಲ್ಲ, ಈ ಮನೆಯಲ್ಲಿ ಮದ್ದು ತಗೊಂಡ್ರೆ ಅದು ತಿಂದ ಲೆಕ್ಕ ಅಲ್ಲ. ಬೀಫಾತಿಮ್ಮ ಹೊದಿಕೆಗೆ ಹೋದಾಗ ನಾನು ಮದ್ದಿನ ಬಗ್ಗೆ ಕೇಳಿದೆ. ಹೊಸ ಮದ್ದು, ಕಾಗದದ ಚೂರಿನ ಹಾಗಿತ್ತು, ನಾಲಗೆ ಮೇಲೆ ಇಟ್ಟುಕೊಳ್ಳಲಿಕ್ಕೆ ಭಾವ ಕೊಟ್ರು ಅಂದ. ಎಲ್‌ಎಸ್‌ಡಿ ಬರುವುದೇ ಹಾಗೆ, ಕಾಗದದ ಚೂರಿನಲ್ಲಿ."

ಕೃಷ್ಣಕಿಶೋರನ ಮುಖ ಬಿಳಿಚಿತು. "ಮಂಕು ಬಿಡ್ತದೆ ಅಂತ ವಿಡಿಯೋದಲ್ಲಿ ಹೇಳಿದ್ರು. ಅವ ಒಮ್ಮೆ ನಗಬೇಕಿತ್ತು, ಅಷ್ಟೇ."

"ಡಿಪ್ರೆಶನಿಗೆ ಅದು ಆಗ್ತದಾ ಅಂತ ಡಾಕ್ಟರುಗಳು ಪರೀಕ್ಷೆ ಮಾಡ್ತಾ ಇದ್ದಾರೆ, ಹೌದು," ಎಂದರು ಟೀಚರ್. " ಆದರೆ ಪಕ್ಕದಲ್ಲೇ ಕೂತು, ಎಂತದು ಅಂತ ಮೊದಲೇ ಹೇಳಿ ಕೊಡ್ತಾರೆ. ಮನೆತನದಲ್ಲಿ ಹುಚ್ಚಿನ ಕಾಯಿಲೆ ಇದ್ದವರನ್ನು ಅದಕ್ಕೆ ಸೇರಿಸುವುದೂ ಇಲ್ಲ. ಇವನ ದೊಡ್ಡಪ್ಪ ಸಾಯುವ ತನಕ ಇಲ್ಲದ ದನಿಗಳಿಗೆ ಉತ್ತರ ಕೊಡ್ತಿದ್ರು. ಅದು ಗೊತ್ತಿದ್ದೂ ನೀನು ಕೊಟ್ಟೆ. ಹೆದರಿ ಹಾಶಿಂನನ್ನು ತೋರಿಸಿದೆ."

"ರಘು ಸರಿಯಾಗ್ತಾನಾ?" ಸ್ಮೃತಿ ಗಂಡನ ಕಡೆ ನೋಡದೆ ಕೇಳಿದಳು.

"ಅಮಲು ಇಳಿದಿದೆ. ಒಳಗೆ ಮತ್ತೆಂತ ಎಚ್ಚರಾಗಿದೆ ಅಂತ ಈಗಲೇ ಹೇಳ್ಲಿಕ್ಕಾಗುವುದಿಲ್ಲ. ಕೃಷ್ಣಕಿಶೋರ, ಡಾಕ್ಟರಿಗೂ ಪೊಲೀಸರಿಗೂ ನೀನೇ ಹೇಳು. ಇವತ್ತೇ."

ಭಟ್ಟರು ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ಮಗನಿಗೆಂದು ಬಾಡಿಸಿದ ಎಲೆಯಲ್ಲಿ ಕಟ್ಟಿದ ಅನ್ನವಿತ್ತು. ಮೆಟ್ಟಿಲಿಳಿದು ಅಂಗಳಕ್ಕೆ ಬಂದರು. ಮೈಲಿಗೆಯೆಂದು ಕಟ್ಟನ್ನು ನೆಲದ ಮೇಲಿಡಲಿಲ್ಲ; ಹಾಶಿಂನ ಎರಡೂ ಅಂಗೈಗಳ ಮೇಲಿಟ್ಟು, "ರಘುವಿಗೆ ನೀನೇ ಕೊಡು," ಎಂದರು. ಅದಿನ್ನೂ ಬಿಸಿಯಿತ್ತು.