ಮೈದಾ ಅಂಟು

ತೊಂಬತ್ತರ ಅಕ್ಟೋಬರಿನಲ್ಲಿ, ನಾವು ದುಡಿಯುತ್ತಿದ್ದ ಕೊಲ್ಲಿ ದೇಶದ ಮೇಲೆ ದಾಳಿಯಿಟ್ಟ ನೆರೆದೇಶದ ಸೈನಿಕರು ಸಲ್ವಾ ಬಡಾವಣೆಯ ಮನೆಗಳನ್ನು ಒಂದೊಂದಾಗಿ ದೋಚುತ್ತಿದ್ದರು. ನಮ್ಮ ಅಮೆರಿಕನ್ ಮೇಡಂ ರಜೆಗೆ ಹೋದವರು ಮರಳಿರಲಿಲ್ಲ. ಮನೆಯಲ್ಲಿ ಅಡಗಿದ್ದವರು ಅಡುಗೆಯವಳಾದ ನಾನು, ನನ್ನ ಗಂಡ ಮಥಾಯಸ್ ಇಬ್ಬರೇ. ಸೈನಿಕರು ಹೆದರಿ ದೂರ ಹೋಗಲಿ ಎಂದು, ಮೇಡಂ ಮಕ್ಕಳು ಭೂತವೇಷ ಹಾಕುವ ಹ್ಯಾಲೋವೀನ್ ಹಬ್ಬದ ರಟ್ಟಿನ ಅಸ್ಥಿಪಂಜರವನ್ನು ಹೊರಗೋಡೆಗೆ ಅಂಟಿಸಿದೆ. ಅಂಟಿಗೆಂದು ಕೊನೆಯ ಹಿಡಿ ಮೈದಾವನ್ನೂ ಕುದಿಸಿಬಿಟ್ಟೆ.

“ಮೊಳೆ ಹೊಡೆದಿದ್ರೆ ಮೈದಾ ತಿನ್ಲಿಕ್ಕಾಗ್ತಿತ್ತು ಮಾರಾಯ್ತಿ,” ಎಂದರು ಮಥಾಯಸ್.

“ಗೋಡೆ ಹಾಳಾದ್ರೆ ಮೇಡಂಗೆ ಯಾರು ಉತ್ತರ ಕೊಡುದು?”

ಅಂಥ ಬಿಸಿಲಲ್ಲೂ ಮೂರು ದಿನ ಅಂಟು ಒಣಗಲಿಲ್ಲ. ಗೋಡೆ ಸುಡುತ್ತಿತ್ತು, ರಟ್ಟು ಮಾತ್ರ ಮಂಜುಗಡ್ಡೆಯಂತೆ ತಣ್ಣಗಿತ್ತು.

ನಾಲ್ಕನೆಯ ಮಧ್ಯಾಹ್ನ ಸೈನಿಕನೊಬ್ಬ ಬಂದ. ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತೆವು. ಅವನು ಅಸ್ಥಿಪಂಜರವನ್ನೇ ನೋಡುತ್ತ ಅರಬಿಯಲ್ಲಿ ಕೇಳಿದ: “ಒಳಗೆ ಯಾರಿದ್ದಾರೆ?”

ಅದರತ್ತ ತಲೆ ವಾಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟ.

“ಇಬ್ಬರಾ? ಸರಿ, ಅವರನ್ನು ನೀನೇ ಇಟ್ಟುಕೋ,” ಎಂದು ಹೇಳಿ, ಪಕ್ಕದ ಮನೆಯ ಬಾಗಿಲು ಒಡೆಯಲು ಹೋದ.