ಥೂ-ರಾಣಿ ಹುಡುಕಿದ ದೊರೆ

"ಅಯ್ಯೋ… ಥೂ! ಥೂ ಥೂ ಥೂ!"

ಹಾರಿ ಬಂದು ಅವಳ ಕೆನ್ನೆಗೆ ಅಂಟಿದ್ದು ಒಂದೇ ಒಂದು ಮೀನಿನ ಹುರುಪೆ. ಉಗುರಿನಷ್ಟು ಗಾತ್ರದ್ದು. ಆದರೆ ಅವಳು ಕುಣಿದ ಕುಣಿತ ನೋಡಿದ್ದರೆ ಯಾರೋ ಕಾದ ಎಣ್ಣೆ ಎರಚಿದರೇನೋ ಅನ್ನಬೇಕು! ಕರ್ಚೀಫಿನಿಂದ ಉಜ್ಜಿ ಉಜ್ಜಿ ಒರೆಸಿಕೊಂಡಳು. ಆಮೇಲೆ ಆ ಕರ್ಚೀಫೇ ಹೇಸಿಗೆ ಅನಿಸಿ, ಎರಡು ಬೆರಳಲ್ಲಿ ಅದರ ತುದಿ ಹಿಡಿದು ನಿಂತಳು.

"ಸ್ವಲ್ಪ ನೋಡ್ಕೊಂಡು ಕೆರೆಯೋಕಾಗಲ್ವೇನ್ರೀ?"

ಕತ್ತಿ ಹಿಡಿದಿದ್ದ ಮೀನಂಗಡಿಯವನು ತಲೆ ಎತ್ತಿದ. "ಮೀನಂಗಡಿಗೆ ಬಂದು ಮಲ್ಲಿಗೆ ಹೂ ಹಾರಿ ಬರಲಿ ಅಂದ್ರೆ ಎಲ್ಲಿಂದ ತರಲಿ ಮೇಡಂ?"

ಸಾಲಿನಲ್ಲಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು.

ಅವಳು ಬೀದಿ ಕೊನೆಯ ಲಾಂಡ್ರಿಯಲ್ಲಿ ಕಲೆ ತೆಗೆಯುವವಳು. ಶಾಯಿ, ಎಣ್ಣೆ, ಗ್ರೀಸು, ಮಗುವಿನ ವಾಂತಿ… ಬಟ್ಟೆಯ ಮೇಲೆ ಏನು ಬಿದ್ದಿದೆ ಅಂತ ಮೂಸಿಯೇ ಹೇಳಬಲ್ಲಳು. ಆದರೆ ಮೊಣಕೈವರೆಗೆ ಗ್ಲೌಸ್ ಇರಬೇಕು, ಬಾಯಲ್ಲಿ ಸದಾ "ಥೂ" ಇರಬೇಕು. ದಿನಕ್ಕೆ ನೂರು ಸಲವಾದರೂ ಅನ್ನುತ್ತಿದ್ದಳು. ಬೀದಿಯವರು ಸುಮ್ಮನಿರುತ್ತಾರೆಯೇ? ಥೂ-ರಾಣಿ ಅಂತ ಹೆಸರಿಟ್ಟುಬಿಟ್ಟಿದ್ದರು.

ಅಂಥವಳು ಮೂಗು ಮುಚ್ಚಿಕೊಂಡು ಮೀನಂಗಡಿಗೆ ಬಂದಿದ್ದಾಳೆ ಅಂದರೆ ಕಾರಣ ದೊಡ್ಡದೇ ಇರಬೇಕಲ್ಲ! ಕೈಯಲ್ಲಿದ್ದ ಹಾಳೆಯನ್ನು ಅವನ ಮುಂದೆ ಹಿಡಿದಳು.

"ಬೆಕ್ಕು ತಪ್ಪಿಸಿಕೊಂಡಿದೆ. ಹೆಸರು ದೊರೆ. ಕೇಸರಿ ಬಣ್ಣ. ಎಡಗಿವಿ ಅರ್ಧ ಇಲ್ಲ. ಕಂಡವರು ದಯವಿಟ್ಟು ತಿಳಿಸಿ."

ಅವನು ಓದಿದ. ಮತ್ತೊಮ್ಮೆ ಓದಿದ. ಮುಖದಲ್ಲಿದ್ದ ನಗು ಇಂಗಿಹೋಯಿತು.

"ತಪ್ಪಿಸಿಕೊಂಡಿದೆಯಾ?"

"ಹೌದು. ನಿನ್ನೆ ಬೆಳಿಗ್ಗೆ."

"ತಾನಾಗೇ?"

"ಹೂಂ… ತಾನಾಗೇ."

ಅವನು ಅವಳನ್ನು ದಿಟ್ಟಿಸಿ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಸಿಗೆಯ ನೋಟ! ದಿನವಿಡೀ ತಾನು ಊರವರತ್ತ ಬೀರುವ ನೋಟವೇ ಇವತ್ತು ತಿರುಗಿ ತನ್ನ ಮೇಲೆ ಬಿದ್ದಿತ್ತು.

"ಕಂಡಿಲ್ಲ," ಅಂದವನೇ ಮೀನಿನ ತಲೆಗೆ ಕತ್ತಿ ಹಾಕಿದ.

'ಎಷ್ಟು ಕೊಬ್ಬು! ಮೈಯೆಲ್ಲ ಲೋಳೆ ಮೆತ್ತಿಕೊಂಡು, ನನ್ನನ್ನ ನೋಡಿ ಮುಖ ಸಿಂಡರಿಸ್ತಾನಲ್ಲ!' ಅಂತ ಬೈದುಕೊಳ್ಳುತ್ತ ಹೊರಬಿದ್ದಳು. ಆದರೆ ಎದೆ ಮಾತ್ರ ಡವಡವ ಅನ್ನುತ್ತಿತ್ತು.

ಯಾಕೆಂದರೆ, ನಿಮ್ಮ ಹತ್ತಿರ ಮುಚ್ಚಿಡುವುದೇನು, ಬೆಕ್ಕು ತಪ್ಪಿಸಿಕೊಂಡಿರಲಿಲ್ಲ. ಅವಳೇ ಓಡಿಸಿದ್ದಳು.

ದೊರೆ ಅಜ್ಜಿಯ ಬೆಕ್ಕು. ಅಪ್ಪ ಅಮ್ಮ ಹೋದಮೇಲೆ ಇವಳನ್ನು ಸಾಕಿದ್ದೂ ಅದೇ ಅಜ್ಜಿ. ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರುವಾಗ ಅಜ್ಜಿ ಹೇಳಿದ್ದು ಒಂದೇ ಮಾತು: "ದೊರೆ ಜೋಪಾನ ಕಣೇ." ಮೂರು ವಾರ ಹಲ್ಲು ಕಚ್ಚಿ ಸಹಿಸಿದಳು. ಕುರ್ಚಿಯ ಮೇಲೆಲ್ಲ ಕೂದಲು, ಚಾಪೆಯ ಮೇಲೆ ವಾಂತಿ! ಸೋಮವಾರ ಬೆಳಿಗ್ಗೆ ಕಣ್ಣು ಬಿಟ್ಟರೆ ತಲೆದಿಂಬಿನ ಪಕ್ಕದಲ್ಲೇ ಅರ್ಧ ತಿಂದ ಇಲಿ. ಬಾಲ ಇನ್ನೂ ಇತ್ತು. ಪೊರಕೆ ತೆಗೆದುಕೊಂಡು ದೊರೆಗೆ ಎರಡು ಬಿಗಿದು, ಬೀದಿಗೆ ಅಟ್ಟಿ, ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನ ಬರುತ್ತೆ ಅಂದುಕೊಂಡಳು. ಬರಲಿಲ್ಲ. ಸಂಜೆಯೂ ಬರಲಿಲ್ಲ.

ಮಂಗಳವಾರ, ಬುಧವಾರ ಬೀದಿಯೆಲ್ಲ ಹುಡುಕಿದಳು. ನಿಂತ ಲಾರಿಗಳ ಅಡಿ ಇಣುಕಿದಳು. ಕಸದ ತೊಟ್ಟಿಯೊಳಗೆ ಕೋಲು ಹಾಕಿ ಕೆದಕಿದಳು. ಹುಳ ಮಿಜಿಮಿಜಿ ಅನ್ನುತ್ತಿದ್ದ ಕಸ ಕಂಡು ಅಲ್ಲೇ ಗೋಡೆ ಹಿಡಿದು ಕಕ್ಕಿದಳು. ಬಾಯಿ ಒರೆಸಿಕೊಂಡು ಮುಂದಿನ ತೊಟ್ಟಿಗೆ ಹೋದಳು. "ದೊರೇ… ಬಾರೋ… ಬೈಯಲ್ಲ ಬಾರೋ…"

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು.

"ಈ ಭಾನುವಾರ ಅಲ್ಲ, ಮುಂದಿನ ಭಾನುವಾರ ಬಿಡ್ತಾರಂತೆ ಕಣೇ! ದೊರೆ ಏನ್ಮಾಡ್ತಿದಾನೆ?"

"ಮಲಗಿದಾನೆ ಅಜ್ಜಿ…"

"ನನ್ನ ಹಳೇ ಸೀರೆ ಹಾಸು. ಇಲ್ಲದಿದ್ರೆ ನಿದ್ದೆ ಬರಲ್ಲ ಅವನಿಗೆ."

"ಹಾಸಿದೀನಿ ಅಜ್ಜಿ." ಫೋನಿಟ್ಟವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅದಕ್ಕೆ ಯಾವ ಸೋಪು ಹಾಕಿ ಉಜ್ಜಬೇಕೋ ಅವಳಿಗೆ ಗೊತ್ತಿರಲಿಲ್ಲ.

ಗುರುವಾರ ಲಾಂಡ್ರಿಯ ಯಜಮಾನಿ ಒಂದು ಗಂಟು ತಂದು ಅವಳ ಮುಂದೆ ಹಾಕಿದರು. "ಮೀನಂಗಡಿಯವನ ಬಟ್ಟೆ. ವಾರವಾರ ನಾನೇ ಒಗೀತಿದ್ದೆ, ಇವತ್ತು ಕೈ ನೋವು. ಸ್ವಲ್ಪ ನೋಡಮ್ಮ."

"ಅವನದಾ? ಥೂ…" ಅನ್ನುತ್ತಲೇ ಬಿಚ್ಚಿದಳು. ಏಪ್ರನ್ನುಗಳ ನಡುವೆ ಒಂದು ಬಿಳಿ ಶರ್ಟು. ಬಲತೋಳಿನ ತುಂಬ ರಕ್ತ.

ಮೂಗಿನ ಹತ್ತಿರ ತಂದಳು. ಮೀನಿನ ನಾತವಿಲ್ಲ. ಲೋಳೆಯಿಲ್ಲ. ಇದು ಮೀನಿನ ರಕ್ತವೇ ಅಲ್ಲ! ಒಣಗಿದ ಕಲೆಯ ಮೇಲೆ ಏನೋ ಅಂಟಿತ್ತು. ಬೆಳಕಿಗೆ ಹಿಡಿದು ನೋಡಿದಳು.

ಕೇಸರಿ ಬಣ್ಣದ ಕೂದಲು…

ಗ್ಲೌಸ್ ಬಿಚ್ಚುವುದನ್ನೂ ಮರೆತು ಶರ್ಟು ಹಿಡಿದು ಓಡಿದಳು. ಅಂಗಡಿ ತುಂಬ ಜನ. ನುಗ್ಗಿದವಳೇ ಶರ್ಟನ್ನು ಅವನ ಮುಖದ ಮುಂದೆ ಎತ್ತಿ ಹಿಡಿದಳು.

"ಏನ್ ಮಾಡಿದ್ರಿ ನನ್ನ ಬೆಕ್ಕನ್ನ? ಕೊಂದ್ರಾ? ಮೀನು ಕದೀತು ಅಂತ ಕತ್ತಿ ಬೀಸಿದ್ರಾ? ಮನುಷ್ಯರೇನ್ರೀ ನೀವು? ಥೂ!"

ಈ ಸಲದ ಥೂ ಹುರುಪೆಗೆ ಅಂದಂಥದ್ದಲ್ಲ. ಸಾಲಿನಲ್ಲಿದ್ದ ಒಬ್ಬರೂ ನಗಲಿಲ್ಲ.

ಅವನು ಕತ್ತಿ ಕೆಳಗಿಟ್ಟ. ಕೈ ತೊಳೆದ. "ಐದು ನಿಮಿಷ ಇರಿ ಅಮ್ಮ," ಅಂತ ಗಿರಾಕಿಗಳಿಗೆ ಹೇಳಿ, ಇವಳತ್ತ ತಿರುಗಿ, "ಬನ್ನಿ ಒಳಗೆ," ಅಂದ.

ಹಿಂದಿನ ಕೋಣೆಯಲ್ಲಿ ಐಸು ತುಂಬುವ ಬಿಳಿ ಥರ್ಮೋಕೋಲ್ ಪೆಟ್ಟಿಗೆಗಳು ಸಾಲಾಗಿದ್ದವು. ಮೂಲೆಯ ಪೆಟ್ಟಿಗೆಗೆ ಮುಚ್ಚಳವಿರಲಿಲ್ಲ, ಐಸೂ ಇರಲಿಲ್ಲ. ಹಳೇ ಟವೆಲ್ಲಿನ ಮೇಲೆ, ಹಿಂಗಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು, ಸಾಕ್ಷಾತ್ ದೊರೆ ಮಲಗಿದ್ದ! ಇವಳನ್ನು ಕಂಡಿದ್ದೇ ತಡ, ಇದ್ದ ಒಂದೂವರೆ ಕಿವಿಯನ್ನೂ ಹಿಂದಕ್ಕೆ ಮಲಗಿಸಿ "ಹಿಸ್ಸ್" ಅಂದ.

"ದೊರೇ…" ಅವಳು ಕೈಯಲ್ಲಿದ್ದ ಶರ್ಟಿನತ್ತ ನೋಡಿದಳು. "ಮತ್ತೆ… ಆ ರಕ್ತ?"

ಅವನು ಅಂಗಿಯ ತೋಳು ಮಡಚಿ ತೋರಿಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಪರಚಿದ ಗೆರೆಗಳು, ಎರಡು ಕಡೆ ಆಳವಾಗಿ ಹಲ್ಲು ಕಚ್ಚಿದ ಗುರುತು.

"ನಂದೇ. ಸೋಮವಾರ ಸಂಜೆ ಚರಂಡಿ ಪೈಪಿನ ಒಳಗೆ, ತಂತಿಗೆ ಕಾಲು ಸಿಕ್ಕಿಸಿಕೊಂಡು ಕೂತಿತ್ತು. ಎಳೆಯೋಕೆ ಹೋದ್ರೆ ಸುಮ್ನೆ ಬರುತ್ತಾ? ಇಬ್ಬರೂ ಡಾಕ್ಟರ ಹತ್ರ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದ್ವಿ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಬಾರದು ಅಂತಲೇ ಹೇಳಲಿಲ್ಲ." ಅವನ ದನಿ ಗಡುಸಾಯಿತು. "ಸೋಮವಾರ ಬೆಳಿಗ್ಗೆ ಗಾಡಿ ತಳ್ಕೊಂಡು ಬರ್ತಿದ್ದೆ. ಪೊರಕೆ ಏಟು ಕಣ್ಣಾರೆ ನೋಡ್ದೆ. ಮಾರನೇ ದಿನ ನೀವು 'ತಪ್ಪಿಸಿಕೊಂಡಿದೆ' ಅಂತ ಚೀಟಿ ಹಿಡ್ಕೊಂಡು ಬಂದ್ರಿ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಲೋಕಕ್ಕೆ ಕಾಣಲ್ವಾ ಮೇಡಂ? ನನ್ನ ಕೈ ನಾರುತ್ತೆ, ನಿಜ. ಆದ್ರೆ ಅವತ್ತು ನನಗೆ ನಿಮ್ಮನ್ನ ನೋಡಿ ಹೇಸಿಗೆ ಆಯ್ತು."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅವಳು ಅಲ್ಲೇ, ಆ ಒದ್ದೆ ನೆಲದ ಮೇಲೆ, ಮೀನಿನ ನೀರಿನಲ್ಲೇ ಕುಸಿದು ಕೂತಳು. ಅಳು ಒತ್ತರಿಸಿ ಬಂತು. ಇಲಿಯ ಬಾಲದಿಂದ ಹಿಡಿದು ಅಜ್ಜಿಯ ಹಳೇ ಸೀರೆಯವರೆಗೆ ಎಲ್ಲ ಹೇಳಿಬಿಟ್ಟಳು.

"ನಾನೇ ಓಡಿಸಿದ್ದು… ಅಜ್ಜಿಗೆ ಸುಳ್ಳು ಹೇಳ್ತಿದೀನಿ… ನೀವು ಕೊಡದಿದ್ರೆ ನಾನು ಅವಳಿಗೆ ಹೇಗೆ ಮುಖ ತೋರಿಸಲಿ?"

ಅವನು ಹತ್ತಿಯ ಸುರುಳಿ ಮತ್ತು ಮುಲಾಮು ತಂದು ಅವಳ ಮುಂದಿಟ್ಟ.

"ಗಾಯದಲ್ಲಿ ಕೀವಾಗಿದೆ. ದಿನಾ ಎರಡು ಸಲ ಒತ್ತಿ ತೆಗೆದು ಮುಲಾಮು ಹಚ್ಚಬೇಕು. ಅಜ್ಜಿ ಬರೋ ಭಾನುವಾರದವರೆಗೂ ನೀವೇ ಮಾಡಿ. ಆಮೇಲೆ ಕರ್ಕೊಂಡು ಹೋಗಿ."

"ಕೀ… ಕೀವಾ? ನಾನಾ?"

"ಗ್ಲೌಸ್ ಇದೆಯಲ್ಲ!"

ಮೊದಲ ದಿನ ಬ್ಯಾಂಡೇಜು ಬಿಚ್ಚಿದಾಗ ಹೊಡೆದ ನಾತಕ್ಕೆ ಅವಳು ಎರಡು ಸಲ ಹೊರಗೋಡಿ ಕಕ್ಕಿ ಬಂದಳು. ಅವನು ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ. ನಗಲಿಲ್ಲ. ಎರಡನೇ ದಿನ ದೊರೆ ಅವಳನ್ನು ಪರಚಿದ.

"ಸರಿಹೋಯ್ತು, ಈಗ ಮೂವರೂ ಒಂದೇ ಆಸ್ಪತ್ರೆ ಗಿರಾಕಿಗಳು!" ಅಂದ ಅವನು. ಅಳುತ್ತಿದ್ದವಳಿಗೆ ಫಕ್ಕನೆ ನಗು ಬಂತು.

ನಾಲ್ಕನೇ ದಿನ ಗ್ಲೌಸ್ ಹಾಕಿಕೊಂಡರೆ ಗಾಯ ಎಲ್ಲಿ ನೋಯುತ್ತಿದೆ ಅಂತ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಬಿಚ್ಚಿ ಪಕ್ಕಕ್ಕಿಟ್ಟಳು. ಅವನು ನೋಡಿದ. ಆವತ್ತಿನಿಂದ "ಮೇಡಂ" ಅನ್ನುವುದು ನಿಂತುಹೋಯಿತು.

ಅವಳೂ ನೋಡುತ್ತಿದ್ದಳು. ಅಂಗಡಿಗೆ ಬರುವ ಹಲ್ಲಿಲ್ಲದ ತಾತನಿಗೆ ಅವನು ಮುಳ್ಳು ಆರಿಸಿಯೇ ಮೀನು ಕೊಡುತ್ತಿದ್ದ. ಬೀದಿಯ ಬೆಕ್ಕುಗಳಿಗೆಲ್ಲ ಮೀನಿನ ತಲೆ ತೆಗೆದಿಡುತ್ತಿದ್ದ. 'ನನಗ್ಯಾಕೆ ಇಷ್ಟು ಹೊತ್ತು ಇಲ್ಲೇ ಕೂತಿರಬೇಕು ಅನಿಸ್ತಿದೆ? ಥೂ, ನನಗೇನಾಗಿದೆ!'

ಹತ್ತು ದಿನ ಕಳೆದು, ಆ ಭಾನುವಾರ ಬೆಳಿಗ್ಗೆ ಅಜ್ಜಿ ಮನೆಗೆ ಬಂದಳು. ಮಂಚದ ಮೇಲೆ ಕೂರಿಸುವಷ್ಟರಲ್ಲೇ, "ಎಲ್ಲೇ ದೊರೆ?" ಅಂದಳು.

ಹೇಳಿದ ಹೊತ್ತಿಗೆ ಸರಿಯಾಗಿ ಅವನು ಬಾಗಿಲಲ್ಲಿದ್ದ, ಕೈಯಲ್ಲಿ ಥರ್ಮೋಕೋಲ್ ಪೆಟ್ಟಿಗೆ. ಬಾಗಿಲು ದಾಟುವ ಮೊದಲೇ ಘಾಟು ಸೆಂಟಿನ ವಾಸನೆ ಮನೆಯೆಲ್ಲ ತುಂಬಿತು. ಅರ್ಧ ಬಾಟಲಿ ಸುರಿದುಕೊಂಡಿದ್ದನೇನೋ ಪುಣ್ಯಾತ್ಮ! ದೊರೆ ಕುಂಟುತ್ತ ಹೋಗಿ ಅಜ್ಜಿಯ ಮಡಿಲು ಹತ್ತಿದ.

"ಅಯ್ಯೋ ನನ್ನಪ್ಪ, ಕಾಲಿಗೇನಾಯ್ತೋ? ಲೇ, ಚೆನ್ನಾಗಿ ನೋಡ್ಕೊಂಡ್ಯಾ ತಾನೇ ಇವನನ್ನ?"

ಅಷ್ಟರಲ್ಲಿ ಅವನೇ ಬಾಯಿ ಹಾಕಿದ.

"ಬಹಳ ಚೆನ್ನಾಗಿ ನೋಡ್ಕೊಂಡ್ರು ಅಜ್ಜಿ. ಎಲ್ಲೋ ಆಡೋಕೆ ಹೋಗಿ ಕಾಲು ಸಿಕ್ಕಿಸಿಕೊಂಡಿದೆ, ಅಷ್ಟೆ."

ಅವಳು ಬೆರಗಾಗಿ ಅವನತ್ತ ತಿರುಗಿದಳು. 'ನನಗೋಸ್ಕರ ಸುಳ್ಳು ಹೇಳ್ತಿದಾನೆ… ನನ್ನ ಸುಳ್ಳಿಗೆ ಹೇಸಿಕೊಂಡವನು!' ತಲೆಯಾಡಿಸಿದ್ದರೆ ಸಾಕಿತ್ತು, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಅವನ ಬಾಯಲ್ಲಿ ಆ ಸುಳ್ಳು ಕೇಳುವುದು ಅವಳಿಂದ ಆಗಲಿಲ್ಲ.

"ಇಲ್ಲ ಅಜ್ಜಿ," ಅಂದಳು. "ನಾನೇ ಪೊರಕೆಯಲ್ಲಿ ಹೊಡೆದು ಓಡಿಸಿದ್ದೆ. ಇವರು ಚರಂಡಿಯಿಂದ ತೆಗೆದು ಉಳಿಸಿದ್ರು. ಮಲಗಿದಾನೆ, ಸೀರೆ ಹಾಸಿದೀನಿ ಅಂತ ನಿನಗೆ ಹೇಳಿದ್ದೆಲ್ಲ ಸುಳ್ಳು."

ಅಜ್ಜಿಯ ಕೈ ದೊರೆಯ ಬೆನ್ನ ಮೇಲೆ ನಿಂತುಹೋಯಿತು. ಮುಖ ಬಿಗಿಯಿತು.

"ಯಾಕೆ ಓಡಿಸ್ದೆ?"

"ಹೇಸಿಗೆ ಆಯ್ತು ಅಜ್ಜಿ…"

"ಹೇಸಿಗೆ!" ಅಜ್ಜಿ ಮೂಗು ಮುರಿದಳು. "ಮೂರು ವರ್ಷ ನಿನ್ನ ಹೇಲು ಬಳಿದಿದೀನಲ್ಲೇ ನಾನು! ಆವತ್ತು ನಾನೂ ಥೂ ಅಂದು ಪೊರಕೆ ತಗೊಂಡಿದ್ರೆ?"

ಅವಳು ತಲೆ ತಗ್ಗಿಸಿ ಬಿಕ್ಕಿದಳು. ಅಜ್ಜಿ ಅವಳ ಕೈ ಎಳೆದುಕೊಂಡು ನೋಡಿದಳು. ಪರಚಿದ ಗೆರೆಗಳು, ಉಗುರಿನ ಸಂದಿಯಲ್ಲಿ ಮುಲಾಮಿನ ಹಳದಿ.

"ಗ್ಲೌಸ್ ಇಲ್ದೆ ಹಚ್ಚಿದ್ಯಾ?"

"ಹೂಂ…"

"ಸರಿ ಬಿಡು. ಅಳಬೇಡ." ಅಜ್ಜಿ ಸೆರಗಿನಿಂದ ಅವಳ ಕಣ್ಣೊರೆಸಿ, ಬಾಗಿಲತ್ತ ನೋಡಿದಳು. "ಈ ಹುಡುಗ ಯಾಕೆ ಇಷ್ಟು ಗಬ್ಬು ನಾರ್ತಿದಾನೆ? ಹೊರಗೆ ಕರ್ಕೊಂಡು ಹೋಗೇ, ನನಗೂ ದೊರೆಗೂ ತಲೆ ಸುತ್ತುತ್ತೆ!"

ಜಗಲಿಯಲ್ಲಿ ಇಬ್ಬರೇ ನಿಂತರು. ಅವನ ಕಿವಿ ಕೆಂಪಾಗಿತ್ತು.

"ಮೂರು ಸಲ ಸೋಪು ಹಾಕಿ ತಿಕ್ಕಿದ್ದೆ," ಅಂದ ಸಣ್ಣಗೆ. "ಆದ್ರೂ ಮೀನಿನ ವಾಸನೆ ಹೋಗಲಿಲ್ಲ. ನಿಮ್ಮ ಮನೆಗೆ ಹಾಗೇ ಬರೋದು ಹೇಗೆ ಅಂತ… ಅಂಗಡಿಗೆ ನೀವು ಇನ್ನು ಬರಲ್ಲ ಅಲ್ವಾ? ದೊರೆ ಮನೆ ಸೇರಿದ."

"ನೀವ್ಯಾಕೆ ಅಜ್ಜಿಗೆ ಸುಳ್ಳು ಹೇಳಿದ್ರಿ?"

"ನೀವು ಅಳೋದು ನೋಡೋಕಾಗಲ್ಲ. ಯಾವಾಗಿಂದ ಅಂತ ಕೇಳಬೇಡಿ. ಬಹುಶಃ ಆ ಎರಡನೇ ವಾಂತಿಯಿಂದ."

"ಥೂ!" ಅವಳು ಅಳುತ್ತಲೇ ನಕ್ಕುಬಿಟ್ಟಳು. "ಪ್ರೀತಿ ಹೇಳೋ ರೀತಿ ನೋಡಿ!"

"ಹಾಗಾದ್ರೆ ನೀವು ಹೇಳಿ, ಚೆನ್ನಾಗಿ."

ಅವಳು ಅವನ ಬಲಗೈ ಹಿಡಿದಳು. ದೊರೆ ಕಚ್ಚಿದ್ದ ಜಾಗದಲ್ಲಿ ಹೊಸ ಚರ್ಮ ಬಂದಿತ್ತು. ಮೂಗಿನ ಹತ್ತಿರ ತಂದು ಮೂಸಿದಳು. ಸೆಂಟಿನ ಅಡಿಯಲ್ಲಿ ಉಪ್ಪು, ಐಸು, ಮೀನು… ಹತ್ತು ದಿನ ತನ್ನ ಪಕ್ಕದಲ್ಲೇ ಕೂತಿದ್ದ ವಾಸನೆ.

"ಒಳಗೆ ಬಚ್ಚಲಿದೆ. ಈ ಹಾಳು ಸೆಂಟು ತೊಳ್ಕೊಂಡು ಬನ್ನಿ."

"ಆಮೇಲೆ ಮೀನು ನಾರುತ್ತೆ ಕಣ್ರೀ."

"ನಾರಲಿ," ಅಂದಳು. ಹಿಡಿದ ಕೈ ಬಿಡಲಿಲ್ಲ.