ಕೋಡಿ ನೀರು ಮತ್ತು ಗಂಗಾಧರನ ವಿಮಾನ

"ನಿಮ್ಮ ಮುಖ ನೋಡಿದ್ರೇ ಹೇಸಿಗೆ ಆಗುತ್ತೆ ಕಣ್ರೀ."

ಮೊಣಕಾಲುದ್ದ ಕಪ್ಪು ನೀರಿನಲ್ಲಿ ನಿಂತು ನಯನ ಹೇಳಿದ ಮಾತಿಗೆ, ಶೆಡ್ಡಿನ ಬಾಗಿಲಲ್ಲಿ ಮರಳಿನ ಮೂಟೆ ಜೋಡಿಸುತ್ತಿದ್ದ ಗಂಗಾಧರ ತಲೆ ಎತ್ತಿದ.

ಬಿಳಿಗೆರೆಯ ಕೆರೆ ಬೆಳಿಗ್ಗೆಯೇ ಕೋಡಿ ಬಿದ್ದಿತ್ತು. ಬರೀ ನೀರಾಗಿದ್ದರೆ ನಯನ ಸಹಿಸಿಕೊಳ್ಳುತ್ತಿದ್ದಳೇನೋ. ಅದು ದಾರಿಯುದ್ದಕ್ಕೂ ನಾರಿಗಾಗಿ ತೆಂಗಿನ ಸಿಪ್ಪೆ ಕೊಳೆಹಾಕುವ ಗುಂಡಿಗಳನ್ನೆಲ್ಲ ತೊಳೆದುಕೊಂಡು ಬಂದಿತ್ತು. ಕೊಳೆತ ಮೊಟ್ಟೆಯಂಥ ನಾತ. ಮೇಲೆ ಲೋಳೆ ಲೋಳೆ ಕೆನೆ, ಅದರಲ್ಲಿ ಹೊಟ್ಟೆ ಉಬ್ಬಿ ತೇಲುವ ಇಲಿಗಳು. ಉಸಿರೆಳೆದರೆ ನಾತ ನಾಲಿಗೆಯ ಮೇಲೇ ಕೂರುತ್ತಿತ್ತು.

ನಯನ ಮನೆಯ ಹಿಂದಿನ ಕೋಣೆಯಲ್ಲಿ ತೆಂಗಿನ ಹಾಲಿನಿಂದ ಎಣ್ಣೆ ತೆಗೆದು ತಿಪಟೂರಿನ ಅಂಗಡಿಗಳಿಗೆ ಕೊಡುವವಳು. ಬಾಟಲಿಗೆ ಬೇರೆ ವಾಸನೆ ಹತ್ತಿದರೆ ಎಣ್ಣೆಯನ್ನೇ ಚೆಲ್ಲಿಬಿಡುವ ಹುಡುಗಿ.

ಗಂಗಾಧರ ದಬ್ಬೇಘಟ್ಟದವನು, ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರು. ಎಲ್ಲೋ ಮುರಿದು ಮೂಲೆಗೆ ಬಿದ್ದಿದ್ದ ಎರಡು ಸೀಟಿನ ಪುಟ್ಟ ವಿಮಾನವನ್ನು ಲಾರಿಯಲ್ಲಿ ತಂದು, ಅವಳ ಅಪ್ಪನ ತೋಟದ ಪಕ್ಕದ ಹಳೇ ನಾರಿನ ಫ್ಯಾಕ್ಟರಿಯ ಶೆಡ್ಡಿನಲ್ಲಿಟ್ಟು, ರಜೆ ಸಿಕ್ಕಾಗೆಲ್ಲ ರಿಪೇರಿ ಮಾಡುತ್ತಿದ್ದ. ಇನ್ನೇನು ಅದು ಹಾರುವುದರಲ್ಲಿತ್ತು.

ಹೋದ ತಿಂಗಳು ಇದೇ ಗಂಗಾಧರ ಹೆಣ್ಣು ನೋಡಲೆಂದು ನಯನಳ ಮನೆಗೆ ಬಂದಿದ್ದ. ಕೂತವನು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು, ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಎದ್ದು ಹೋಗಿದ್ದ. ಆಮೇಲೆ ಒಂದು ಮಾತೂ ಇಲ್ಲ, ಫೋನೂ ಇಲ್ಲ.

'ನಮ್ಮನೆ ನಾರ್ತಿತ್ತಾ ಇವನಿಗೆ... ನಾನು ನಾರ್ತಿದ್ನಾ?' ಅವತ್ತಿನಿಂದ ಅವಳ ಹೊಟ್ಟೆಯೊಳಗೆ ಏನೋ ಹಳಸುತ್ತಲೇ ಇತ್ತು.

"ಏನಾಯ್ತು ಅಂತ ಹೇಳಿ," ಎಂದ ಗಂಗಾಧರ.

"ನಿಮ್ಮ ವಿಮಾನ ನೆನೀಬಾರ್ದು ಅಂತ ಹಳ್ಳಕ್ಕೆ ಅಡ್ಡ ಮಣ್ಣು ಹಾಕಿದ್ದೀರಲ್ಲ, ಆ ಗಲೀಜೆಲ್ಲ ನಮ್ಮ ಕೊಟ್ಟಿಗೆಗೆ ನುಗ್ಗಿದೆ. ಬಂದು ನೋಡಿ. ಮೂಗು ಮುಚ್ಕೊಂಡೇ ಬನ್ನಿ, ನಿಮಗೆ ಅಭ್ಯಾಸ ಇದೆಯಲ್ಲ."

ಅವನು ಮೂಟೆ ಬಿಟ್ಟು ಅವಳ ಹಿಂದೆ ನಡೆದ.

ಕೊಟ್ಟಿಗೆಯಲ್ಲಿ ಹಸುಗಳು ಕೆಚ್ಚಲು ಮುಳುಗುವಷ್ಟು ಕೊಚ್ಚೆಯಲ್ಲಿ ನಡುಗುತ್ತಿದ್ದವು. ನಯನಳ ಅಪ್ಪ ಹನುಮಂತಯ್ಯ ಕರುವಿನ ಮೂತಿಯನ್ನು ನೀರಿನಿಂದ ಮೇಲಕ್ಕೆ ಎತ್ತಿ ಹಿಡಿದಿದ್ದರು.

"ಹಗ್ಗ ಬಿಚ್ಚಿದ್ರೂ ಹೋಗಾಕೆ ದಾರಿ ಇಲ್ಲ ಕಣಪ್ಪ. ಸುತ್ತಾ ನೀರೇಯ," ಎಂದರು.

ಗಂಗಾಧರ ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ಬಂದ ದಾರಿಯಲ್ಲೇ ಓಡಿದ. ನಯನ ಅಲ್ಲಿಗೆ ಬರುವಷ್ಟರಲ್ಲಿ, ತಾನೇ ಹಾಕಿದ್ದ ಮಣ್ಣಿನ ಏರಿಯನ್ನು ಅವನು ಕಡಿಯುತ್ತಿದ್ದ.

"ನೀರು ನಿಮ್ಮ ಕಡೆ ತಿರುಗುತ್ತೆ ಅಂತ ಗೊತ್ತಿರ್ಲಿಲ್ಲ. ಹೋಗಿ ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದು."

"ಮತ್ತೆ... ವಿಮಾನ?"

"ನೀರು ಇಂಜಿನ್ ತನಕ ಹತ್ತಬಹುದು. ಹತ್ಲಿ ಬುಡಿ."

ದನಿ ಗಟ್ಟಿಯಾಗಿಯೇ ಇತ್ತು. ಶೆಡ್ಡಿನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಏರಿ ಒಡೆಯಿತು. ಕಪ್ಪು ನೀರು ಹೊರಳಿ, ಸತ್ತ ಇಲಿಗಳನ್ನೂ ನಾರನ್ನೂ ಹೊತ್ತುಕೊಂಡು ನೇರ ಅವನ ಶೆಡ್ಡಿನ ಕಡೆಗೆ ಹೊರಟಿತು.

ಅವಳು ಮನೆಗೆ ಹೋಗಬಹುದಿತ್ತು. ಬಂದ ಕೆಲಸ ಆಗಿತ್ತಲ್ಲ. ಆದರೆ ಹೋಗಲಿಲ್ಲ.

"ರೆಕ್ಕೆ ಬಿಚ್ಚೋಕಾಗುತ್ತಾ?"

"ಆಗುತ್ತೆ... ಯಾಕೆ?"

"ಬಿಚ್ತಾ ಇರಿ. ನಾನು ನಮ್ಮ ಟ್ರ್ಯಾಕ್ಟರ್ ತರ್ತೀನಿ."

ಹನುಮಂತಯ್ಯನೂ ಬಂದರು. ರೆಕ್ಕೆಗಳನ್ನು ಬಿಚ್ಚಿ ಶೆಡ್ಡಿನ ತೊಲೆಗೆ ಹಗ್ಗದಲ್ಲಿ ತೂಗುಹಾಕಿದರು. ವಿಮಾನದ ಚಕ್ರದ ಕಾಲುಗಳಿಗೆ ಮಿಣಿ ಹಗ್ಗ ಬಿಗಿದು, ನಯನ ಟ್ರ್ಯಾಕ್ಟರಿನಲ್ಲಿ ಮೆಲ್ಲಗೆ ಎಳೆದಳು. ತೆಂಗಿನ ಸಾಲುಗಳ ನಡುವೆ ಆ ಬಿಳಿ ಮೈ ರೆಕ್ಕೆ ಕಿತ್ತ ಹಕ್ಕಿಯಂತೆ ಓಲಾಡುತ್ತ ದಿಬ್ಬದ ಮೇಲಿನ ಕಣದ ಕಡೆಗೆ ಸಾಗಿತು. ಅದು ಮಗುಚದಂತೆ ಗಂಗಾಧರ ಪಕ್ಕದಲ್ಲೇ ಒತ್ತಿ ಹಿಡಿದು ನಡೆಯುತ್ತಿದ್ದ.

ಅದು ದಿಬ್ಬ ಹತ್ತಿತು, ಅವನು ಹತ್ತಲಿಲ್ಲ. ನೀರಿನಡಿ ಕಾಣದಿದ್ದ ಸಿಪ್ಪೆ ಗುಂಡಿಯೊಂದಕ್ಕೆ ಕಾಲಿಟ್ಟು ಮುಳುಗಿಯೇ ಹೋದ.

ನಯನ ಗಾಡಿ ನಿಲ್ಲಿಸಿ ಹಾರಿದಳು. ಕೈ ಚಾಚಿ ಎಳೆದಳು. ಮೇಲೆ ಬಂದವನ ಮೈಯೆಲ್ಲ ಕಪ್ಪು ಲೋಳೆ, ಹೆಗಲ ಮೇಲೆ ಕೊಳೆತ ಹೆಗ್ಗಣ. ಗಂಗಾಧರ ಅದನ್ನು ನೋಡಿದ್ದೇ ತಡ, ಬಗ್ಗಿ ವಾಂತಿ ಮಾಡಿದ.

ನಯನ ಹೆಗ್ಗಣದ ಬಾಲ ಹಿಡಿದು ಆಚೆ ಎಸೆದಳು. ಆಮೇಲೆ ಅವನ ಬೆನ್ನು ನೀವಿದಳು.

"ಅವತ್ತೂ... ಹಿಂಗೇ ಆಗಿತ್ತು," ಎಂದ ಅವನು, ತಲೆ ಎತ್ತದೆ.

"ಯಾವತ್ತು?"

"ನಿಮ್ಮನ್ನ ನೋಡೋಕೆ ಬಂದಾಗ. ದಾರೀಲಿ ಹೋಟ್ಲಲ್ಲಿ ಹಳಸಿದ ಚಟ್ನಿ ತಿಂದಿದ್ದೆ. ಕರ್ಚೀಫ್‌ನಲ್ಲಿ ತಡ್ಕೊಂಡು ಕೂತಿದ್ದೆ. ಆಗ್ಲಿಲ್ಲ. ನಿಮ್ಮ ಬಚ್ಚಲ ಹಿಂದೆ ಹೋಗಿ ಪೂರ್ತಿ ಕಕ್ಕಿದೆ. ಆಮೇಲೆ ಯಾವ ಮುಖ ಹೊತ್ಕೊಂಡು ಬರ್ಲಿ? ಫೋನ್ ಮಾಡೋಕೂ ನಾಚಿಕೆ."

'ಒಂದು ತಿಂಗಳು... ಇದಕ್ಕಾ ನಾನು ಒಳಗೊಳಗೇ ಬೆಂದಿದ್ದು?' ನಯನಳಿಗೆ ಅಳು ಬಂತು, ನಗುವೂ ಬಂತು. ಯಾವುದು ಮೊದಲು ಎಂದು ಅವಳಿಗೇ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಕೊಟ್ಟಿಗೆಯ ನೀರು ಇಳಿದಿತ್ತು. ಹನುಮಂತಯ್ಯ ಹಸುಗಳ ಮೈ ತೊಳೆಯಲು ಹೋದರು. ಕಣದಲ್ಲಿ ಕೆಸರು ಮೆತ್ತಿದ ವಿಮಾನದ ಪಕ್ಕ ಇಬ್ಬರೇ ಉಳಿದರು. ಇಂಜಿನ್ ಒಣಗಿಯೇ ಇತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿದ ಗಂಗಾಧರನ ಕಣ್ಣು ಮಾತ್ರ ಒದ್ದೆಯಾಗಿತ್ತು.

"ಬೇರೆ ಕಡೆ ಹೆಣ್ಣು ನೋಡು ಅಂತ ಮನೇಲಿ ಹೇಳ್ತಾನೇ ಇದ್ದಾರೆ," ಎಂದ ಅವನು. "ನನಗೆ ಮನಸ್ಸು ಬರ್ಲಿಲ್ಲ ನಯನ. ನೀವೇ ಇಷ್ಟ ಆಗಿದ್ರಿ."

ಅವಳು ಹತ್ತಿರ ಬಂದಳು. ಇಬ್ಬರಿಂದಲೂ ಗುಂಡಿಯ ನಾತ ಹೊಡೆಯುತ್ತಿತ್ತು. ಗಂಗಾಧರ ಕೈ ಚಾಚಿದ. ಉಗುರಿನ ಸಂದಿಯ ಕಪ್ಪು ಲೋಳೆ ಕಂಡು ಹಿಂದಕ್ಕೆಳೆದುಕೊಳ್ಳಲು ಹೋದ.

"ಇರಿ, ತೊಳ್ಕೊಂಡು ಬತ್ತೀನಿ..."

"ಬೇಡ," ಎಂದು ನಯನ ಆ ಕೈಯನ್ನು ಹಿಡಿದುಕೊಂಡಳು. "ಆಮೇಲೆ ತೊಳ್ಕಂಡ್ರಾಯ್ತು."